ಉಪಗ್ರಹ ಕಂಪನಿಯದು, ಹೊಣೆ ಸರ್ಕಾರದ್ದು: ಬಾಹ್ಯಾಕಾಶ ವ್ಯಾಪಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವ ಹುಡುಗ ಹುಡುಗಿಯರು ಈಗ ಬಹಳ ಜನ ಇದ್ದಾರೆ. ಕ್ಯಾಮೆರಾ, ಥ್ರಸ್ಟರ್, ಬ್ಯಾಟರಿ ಎಲ್ಲದರ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ‘ಇದು ಮೇಲೆ ಹೋಗಿ ಇನ್ನೊಬ್ಬರ ಉಪಗ್ರಹಕ್ಕೆ ಗುದ್ದಿದರೆ?’ ಎಂದು ಕೇಳಿದರೆ ಮಾತ್ರ ‘ಇನ್ಶೂರೆನ್ಸ್ ಇದೆ ಸರ್’ ಎಂದುಬಿಡುತ್ತಾರೆ. ಯಾವ ಇನ್ಶೂರೆನ್ಸ್ ಎಂದು ನೋಡಿದರೆ ಅವರದೇ ಉಪಗ್ರಹಕ್ಕೆ ಮಾಡಿಸಿದ್ದು. ಅದು ನಮ್ಮ ಕಾರಿನ ಓನ್ ಡ್ಯಾಮೇಜ್ ಪಾಲಿಸಿ ಇದ್ದ ಹಾಗೆ. ಎದುರಿನವರ ಕಾರಿಗೆ ಥರ್ಡ್ ಪಾರ್ಟಿ ಬೇರೆಯೇ ಬೇಕು. ಉಡಾವಣಾ ಕರಾರುಗಳನ್ನು ಓದುವುದು ನನ್ನ ಕಸುಬು. ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಖಾಸಗಿ ರಾಕೆಟ್ಟಿನ ತುಂಡು ನಮ್ಮ ಹೊಲಕ್ಕೆ ಬಿದ್ದರೆ ಯಾರ ಮೇಲೆ ಕೇಸು ಹಾಕಬೇಕು?

ರಾಕೆಟ್ ವಿದೇಶದ್ದಾದರೆ ನೀವು ಕೇಸು ಹಾಕಲೇಬೇಕಾಗಿಲ್ಲ, ನಿಮ್ಮ ಪರವಾಗಿ ಭಾರತ ಸರ್ಕಾರ ಪರಿಹಾರ ಕೇಳಬಹುದು. ಆದರೆ ಅದು ಆ ಕಂಪನಿಯನ್ನು ಕೇಳುವುದಿಲ್ಲ, ಕಂಪನಿಯ ದೇಶವನ್ನು ಕೇಳುತ್ತದೆ.

2022ರ ಏಪ್ರಿಲ್ 2, ಯುಗಾದಿಯ ರಾತ್ರಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಜನ ಆಕಾಶದಲ್ಲಿ ಬೆಂಕಿಯ ಗೆರೆಗಳು ಸಾಗುವುದನ್ನು ಕಂಡರು. ಆಮೇಲೆ ಸುಮಾರು 3 ಮೀಟರ್ ಅಗಲದ ಲೋಹದ ಬಳೆಯೊಂದು ಸಿಕ್ಕಿತು, ಸುತ್ತಲಿನ ಊರುಗಳಲ್ಲಿ ಗುಂಡುಗಳೂ ಸಿಕ್ಕವು. ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಭಾಗಗಳಿರಬೇಕೆಂದು ತಜ್ಞರು ಊಹಿಸಿದರು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ಬಳೆ ಒಂದು ಕೊಟ್ಟಿಗೆಯ ಮೇಲೆ ಬಿದ್ದು ಎರಡು ಎತ್ತು ಸತ್ತಿದ್ದವು ಎಂದುಕೊಳ್ಳಿ. ಆಗ 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದ ತೋರಿಸುವ ದಾರಿ ಹೀಗೆ: ರೈತ ನಮ್ಮ ಸರ್ಕಾರಕ್ಕೆ ಹೇಳಬೇಕು, ನಮ್ಮ ಸರ್ಕಾರ ರಾಜತಾಂತ್ರಿಕ ಮಾರ್ಗದಲ್ಲಿ ಉಡಾವಣೆ ಮಾಡಿದ ದೇಶವನ್ನು ಕೇಳಬೇಕು, ಆ ದೇಶ ಹಣ ಕೊಡಬೇಕು, ಕೊಟ್ಟ ಹಣವನ್ನು ಬೇಕಿದ್ದರೆ ತನ್ನ ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಎತ್ತು ಕಳೆದುಕೊಂಡವನಿಗೂ ರಾಕೆಟ್ ಹಾರಿಸಿದವನಿಗೂ ನಡುವೆ ಎರಡು ಸರ್ಕಾರಗಳು ನಿಲ್ಲುತ್ತವೆ. ನಷ್ಟವಾದ ಒಂದು ವರ್ಷದೊಳಗೆ, ಇಲ್ಲವೇ ಯಾರು ಹೊಣೆ ಎಂದು ಗೊತ್ತಾದ ಒಂದು ವರ್ಷದೊಳಗೆ ಕೇಳಬೇಕು.

ರೈತ ತಾನಾಗಿ ಆ ದೇಶದ ಕೋರ್ಟಿಗೇ ಹೋಗಲೂಬಹುದು, ಒಪ್ಪಂದ ಅದನ್ನು ತಡೆಯುವುದಿಲ್ಲ. ಆದರೆ ಒಂದೇ ನಷ್ಟಕ್ಕೆ ಎರಡೂ ದಾರಿ ಒಟ್ಟಿಗೆ ಹಿಡಿಯುವಂತಿಲ್ಲ.

ಬೀಳುವುದೆಲ್ಲ ಬಾಹ್ಯಾಕಾಶ ವಸ್ತುವಲ್ಲ ಎನ್ನುವುದನ್ನೂ ನೆನಪಿಡಿ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ದೊಡ್ಡ ಬಲೂನು, ಅದರ ಜೊತೆ ಒಂದು ಯಂತ್ರ ಬಂದು ಬಿದ್ದಾಗ ‘ಉಪಗ್ರಹ ಬಿತ್ತು’ ಎಂದು ಸುದ್ದಿ ಹಬ್ಬಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ಹಾರಿಸಿದ ಸಂಶೋಧನಾ ಬಲೂನು. ಕಕ್ಷೆಗೆ ಹೋಗಲೆಂದು ಹೊರಟದ್ದಲ್ಲವಾದ್ದರಿಂದ ಬಾಹ್ಯಾಕಾಶ ಒಪ್ಪಂದಗಳಿಗೂ ಅದಕ್ಕೂ ಸಂಬಂಧ ಇಲ್ಲ.

ಕಂಪನಿ ಮಾಡಿದ ತಪ್ಪಿಗೆ ದೇಶ ಯಾಕೆ ದಂಡ ತೆರಬೇಕು?

1960ರ ದಶಕದ ಚೌಕಾಸಿಯ ಫಲ ಇದು. ಬಾಹ್ಯಾಕಾಶಕ್ಕೆ ಸರ್ಕಾರಗಳು ಬಿಟ್ಟು ಬೇರೆ ಯಾರೂ ಹೋಗಕೂಡದು ಎನ್ನುವುದು ಸೋವಿಯತ್ ಒಕ್ಕೂಟದ ಪಟ್ಟು. ಅಮೆರಿಕಕ್ಕೆ ಅದು ಒಪ್ಪಿಗೆಯಾಗುವ ಹಾಗಿರಲಿಲ್ಲ, ಏಕೆಂದರೆ ಎಟಿ ಅಂಡ್ ಟಿ ಕಂಪನಿಯ ಟೆಲ್‌ಸ್ಟಾರ್ ಉಪಗ್ರಹ 1962ರ ಜುಲೈನಲ್ಲೇ ಕಕ್ಷೆ ಸೇರಿತ್ತು. ಕೊನೆಗೆ ನಡುದಾರಿ ಹಿಡಿದರು: ಖಾಸಗಿಯವರು ಹೋಗಲಿ, ಆದರೆ ಅವರ ದೇಶ ಅನುಮತಿ ಕೊಟ್ಟು, ಸದಾ ಮೇಲ್ವಿಚಾರಣೆ ನಡೆಸಿ, ಅವರು ಮಾಡಿದ್ದಕ್ಕೆಲ್ಲ ತಾನೇ ಉತ್ತರ ಹೇಳಬೇಕು. 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿ ಇಷ್ಟೇ.

ಸಮುದ್ರದ ಕಾನೂನಿನಲ್ಲಿ ಹೀಗಿಲ್ಲ. ಖಾಸಗಿ ಹಡಗೊಂದು ಎಣ್ಣೆ ಚೆಲ್ಲಿದರೆ ಹಡಗಿನ ಮಾಲೀಕ ಕಟ್ಟಬೇಕು, ಅದು ಯಾವ ದೇಶದ ಬಾವುಟ ಹಾರಿಸುತ್ತಿತ್ತೋ ಆ ದೇಶವಲ್ಲ. ಬಾಹ್ಯಾಕಾಶದಲ್ಲಿ ಮಾತ್ರ ದೇಶವೇ ಮನೆ ಯಜಮಾನ. ಮಗ ಮಾಡಿದ ಸಾಲಕ್ಕೆ ಊರವರು ಬಂದು ಅಪ್ಪನ ಬಾಗಿಲು ತಟ್ಟುತ್ತಾರೆ.

‘ಉಡಾವಣಾ ರಾಷ್ಟ್ರ’ ಎಂದರೆ ರಾಕೆಟ್ ಹಾರಿಸಿದ ದೇಶ ತಾನೆ?

ಅದೊಂದೇ ಅಲ್ಲ. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಹಾರಿಸಿದ ದೇಶ, ಹಾರಿಸಿಕೊಂಡ ದೇಶ, ಯಾರ ನೆಲದಿಂದ ಹಾರಿತೋ ಆ ದೇಶ, ಯಾರ ಉಡಾವಣಾ ಸೌಲಭ್ಯ ಬಳಕೆಯಾಯಿತೋ ಆ ದೇಶ, ಇವೆಲ್ಲವೂ ಉಡಾವಣಾ ರಾಷ್ಟ್ರಗಳೇ. ನಷ್ಟವಾದವರು ಇವರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಹಣ ಕೇಳಬಹುದು. ತಮ್ಮ ತಮ್ಮ ಪಾಲು ಎಷ್ಟು ಎನ್ನುವುದನ್ನು ಅವರು ಆಮೇಲೆ ಒಳಗೊಳಗೇ ಬಗೆಹರಿಸಿಕೊಳ್ಳಬೇಕು.

ಲಂಡನ್ ಮೂಲದ ಒನ್‌ವೆಬ್ ಕಂಪನಿಯ 36 ಉಪಗ್ರಹಗಳು 2022ರ ಅಕ್ಟೋಬರಿನಲ್ಲೂ ಇನ್ನು 36 ಉಪಗ್ರಹಗಳು 2023ರ ಮಾರ್ಚಿನಲ್ಲೂ ಶ್ರೀಹರಿಕೋಟದಿಂದ ಎಲ್‌ವಿಎಂ3 ರಾಕೆಟ್ಟಿನಲ್ಲಿ ಹೋದವು. ಉಪಗ್ರಹ ನಮ್ಮದಲ್ಲ, ಅದನ್ನು ನಡೆಸುವವರೂ ನಾವಲ್ಲ. ಆದರೂ ಅವುಗಳ ಮಟ್ಟಿಗೆ ಭಾರತ ಉಡಾವಣಾ ರಾಷ್ಟ್ರ. ಇದಕ್ಕೆ ತಿರುಗುಮುರುಗು ಬೆಂಗಳೂರಿನ ಪಿಕ್ಸೆಲ್. ಅದರ ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಫಾಲ್ಕನ್ 9 ಏರಿದವು. ಅಲ್ಲಿ ಅಮೆರಿಕ ಉಡಾವಣಾ ರಾಷ್ಟ್ರ ಎನ್ನುವುದರಲ್ಲಿ ಅನುಮಾನ ಇಲ್ಲ. ಖಾಸಗಿ ಕಂಪನಿ ಹಾರಿಸಿಕೊಂಡರೆ ಅದರ ದೇಶವೇ ಹಾರಿಸಿಕೊಂಡ ಹಾಗಾಗುತ್ತದೆಯೇ ಎಂಬ ಚರ್ಚೆ ಇದೆ. ಆಗುತ್ತದೆ ಎನ್ನುವವರೇ ಹೆಚ್ಚು, ನನ್ನ ಓದೂ ಅದೇ.

ಪಿಎಸ್‌ಎಲ್‌ವಿಯಲ್ಲಿ ಹೋದ ಪುಟ್ಟ ಉಪಗ್ರಹಗಳ ಗಲಾಟೆ ಏನು?

ಈ ಇಡೀ ವಿಷಯವನ್ನು ಒಂದೇ ಕತೆಯಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಸ್ವಾರ್ಮ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿ ಸ್ಪೇಸ್‌ಬೀ ಎಂಬ ನಾಲ್ಕು ಉಪಗ್ರಹಗಳನ್ನು ಮಾಡಿತು. ಒಂದೊಂದೂ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ದಪ್ಪ 3 ಸೆಂ.ಮೀ.ಗೂ ಕಡಿಮೆ. ಮೈಸೂರು ಪಾಕಿನ ಸಣ್ಣ ಡಬ್ಬಿ ಎನ್ನಿ. ಅಷ್ಟು ಸಣ್ಣದನ್ನು ನೆಲದ ರೇಡಾರ್ ಹಿಂಬಾಲಿಸುವುದು ಕಷ್ಟ, ಬೇರೆ ಉಪಗ್ರಹಗಳಿಗೆ ಅಪಾಯ ಎಂದು ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ ಅನುಮತಿ ನಿರಾಕರಿಸಿತು. ಅಷ್ಟರಲ್ಲಿ ಮಧ್ಯವರ್ತಿ ಕಂಪನಿಯ ಮೂಲಕ ರಾಕೆಟ್ಟಿನಲ್ಲಿ ಜಾಗ ಗೊತ್ತಾಗಿತ್ತು. 2018ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ40 ಕಾರ್ಟೊಸ್ಯಾಟ್ ಸೇರಿ 31 ಉಪಗ್ರಹಗಳನ್ನು ಹೊತ್ತು ಶ್ರೀಹರಿಕೋಟದಿಂದ ಏರಿತು. ಆ 31ರಲ್ಲಿ ಈ ನಾಲ್ಕೂ ಇದ್ದವು.

ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿ 9 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆ ಹಣ ಹೋದದ್ದು ಅಮೆರಿಕದ ಖಜಾನೆಗೆ. ಅವುಗಳಲ್ಲಿ ಒಂದು ಯಾರದಾದರೂ ಉಪಗ್ರಹಕ್ಕೆ ಗುದ್ದಿದ್ದರೆ? ಸ್ವದೇಶವೇ ಬೇಡ ಎಂದಿದ್ದ ವಸ್ತುವಿಗೆ ಭಾರತ ಉಡಾವಣಾ ರಾಷ್ಟ್ರವಾಗಿ ಕೂತಿತ್ತು. ಈಗ ರಾಕೆಟ್ಟಿನವರು ‘ನಿಮ್ಮ ದೇಶದ ಲೈಸೆನ್ಸ್ ಪ್ರತಿ ಕೊಡಿ’ ಎಂದು ಹಟ ಹಿಡಿದರೆ ಸ್ಟಾರ್ಟಪ್‌ನವರು ಗೊಣಗುತ್ತಾರೆ. ಗೊಣಗಬೇಡಿ, ಕೊಡಿ.

ನೆಲಕ್ಕೊಂದು ನ್ಯಾಯ, ಕಕ್ಷೆಗೊಂದು ನ್ಯಾಯ ಎನ್ನುತ್ತಾರಲ್ಲ?

ಹೌದು. ನೆಲದ ಮೇಲೆ ಅಥವಾ ಹಾರುತ್ತಿರುವ ವಿಮಾನಕ್ಕೆ ಹಾನಿಯಾದರೆ ತಪ್ಪು ಯಾರದು ಎಂದು ಕೇಳುವ ಹಾಗೇ ಇಲ್ಲ. ಉಡಾವಣಾ ರಾಷ್ಟ್ರ ಕೊಡಬೇಕು. ಕಕ್ಷೆಯಲ್ಲಿ ಒಂದಕ್ಕೊಂದು ಗುದ್ದಿದರೆ ಎದುರಿನವರ ತಪ್ಪನ್ನು ಸಾಬೀತು ಮಾಡಬೇಕು. ಎಲ್ಲ ಕುತ್ತಿಗೆಗೆ ಬರುವುದು ಇಲ್ಲೇ.

2009ರ ಫೆಬ್ರುವರಿ 10ರಂದು ಸೈಬೀರಿಯದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ ಇರಿಡಿಯಂ 33 ಮತ್ತು ಕಾಸ್ಮೋಸ್ 2251 ಡಿಕ್ಕಿಯಾದವು. ಮೊದಲನೆಯದು ಅಮೆರಿಕದ ಖಾಸಗಿ ಕಂಪನಿಯದು, ಕೆಲಸ ಮಾಡುತ್ತಿತ್ತು. ಎರಡನೆಯದು ರಷ್ಯದ್ದು, ಸತ್ತು ವರ್ಷಗಳೇ ಆಗಿದ್ದವು. ಸೆಕೆಂಡಿಗೆ ಹನ್ನೊಂದು ಕಿಲೋಮೀಟರಿಗೂ ಮೀರಿದ ವೇಗ, ಎರಡೂ ನುಚ್ಚಾದವು. ತಪ್ಪು ಯಾರದು? ಸತ್ತ ಉಪಗ್ರಹವನ್ನು ದಾರಿಯಲ್ಲೇ ಬಿಟ್ಟವರದೇ, ಸರಿದು ಹೋಗುವ ಶಕ್ತಿ ಇದ್ದೂ ಸರಿಯದವರದೇ? ಹೇಳಲು ಕಕ್ಷೆಯಲ್ಲಿ ಟ್ರಾಫಿಕ್ ನಿಯಮವೇ ಇಲ್ಲ. ಎಡಕ್ಕೆ ಹೋಗಬೇಕು ಎಂಬ ಕಾನೂನಿಲ್ಲದ ರಸ್ತೆಯಲ್ಲಿ ರಾಂಗ್ ಸೈಡ್ ಎಂದು ಯಾರನ್ನು ಹಿಡಿಯುತ್ತೀರಿ? ಸಾಲದ್ದಕ್ಕೆ ಆ ಇರಿಡಿಯಂ ಉಪಗ್ರಹ 1997ರಲ್ಲಿ ಬೈಕನೂರಿನಿಂದ ರಷ್ಯದ ಪ್ರೋಟಾನ್ ರಾಕೆಟ್ಟಿನಲ್ಲೇ ಹೋಗಿತ್ತು. ಅಂದರೆ ಗುದ್ದಾಡಿದ ಎರಡಕ್ಕೂ ರಷ್ಯ ಉಡಾವಣಾ ರಾಷ್ಟ್ರ! ಒಪ್ಪಂದದಡಿ ಯಾರೂ ಯಾರನ್ನೂ ಪರಿಹಾರ ಕೇಳಲಿಲ್ಲ. ಚೂರುಗಳು ಈಗಲೂ ಸುತ್ತುತ್ತಿವೆ.

ಹಾಗಾದರೆ ಈ ಒಪ್ಪಂದದಿಂದ ಯಾರಿಗಾದರೂ ದುಡ್ಡು ಸಿಕ್ಕಿದೆಯೇ?

ಒಮ್ಮೆ ಸಿಕ್ಕಿದೆ, ಅದೂ ಅರ್ಧ. 1978ರ ಜನವರಿ 24ರಂದು ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಕೆನಡಾದ ವಾಯವ್ಯ ಹಿಮಪ್ರದೇಶದ ಮೇಲೆ ಚೂರಾಗಿ ಬಿತ್ತು. ಅದರೊಳಗೆ ಅಣು ರಿಯಾಕ್ಟರ್ ಇತ್ತು. ಹೆಪ್ಪುಗಟ್ಟಿದ ಸರೋವರಗಳ ಮೇಲೆ ವಿಕಿರಣದ ಚೂರು ಹೆಕ್ಕುತ್ತಾ ತಿಂಗಳುಗಟ್ಟಲೆ ಓಡಾಡಬೇಕಾಯಿತು. ಕೆನಡಾ ಕೇಳಿದ್ದು 60,41,174 ಕೆನಡಿಯನ್ ಡಾಲರ್ 70 ಸೆಂಟ್. ಎಪ್ಪತ್ತು ಸೆಂಟನ್ನೂ ಬಿಡದ ಆ ಬಿಲ್ಲು ನನಗೆ ಬಹಳ ಇಷ್ಟ. 1981ರಲ್ಲಿ 30 ಲಕ್ಷ ಡಾಲರಿಗೆ ರಾಜಿಯಾಯಿತು. ಸೋವಿಯತ್ ಒಕ್ಕೂಟ ಹೊಣೆ ಒಪ್ಪಿಕೊಂಡೆ ಎಂಬ ಮಾತಾಡದೆ ಹಣ ಕೊಟ್ಟಿತು.

ಅದು ಸರ್ಕಾರದ ಉಪಗ್ರಹ. ಖಾಸಗಿ ಕಂಪನಿಯೊಂದರ ವ್ಯಾಪಾರಕ್ಕಾಗಿ ಒಂದು ದೇಶ ಇನ್ನೊಂದಕ್ಕೆ ಈ ಒಪ್ಪಂದದಡಿ ಹಣ ಕಟ್ಟಿದ ಉದಾಹರಣೆ ಇಲ್ಲ. ಮಾತುಕತೆ ಮುರಿದರೆ ಮೂವರ ಪರಿಹಾರ ಆಯೋಗ ರಚಿಸಬಹುದು ಎಂದು ಒಪ್ಪಂದದಲ್ಲಿದೆ. ಎರಡೂ ಕಡೆಯವರು ಮೊದಲೇ ಒಪ್ಪಿದ್ದರಷ್ಟೇ ಅದರ ತೀರ್ಪಿಗೆ ಕಟ್ಟುಬೀಳಬೇಕು, ಇಲ್ಲದಿದ್ದರೆ ಅದು ಬರೀ ಶಿಫಾರಸು.

ನಮ್ಮದೇ ದೇಶದ ಕಂಪನಿಯ ತುಂಡು ನಮ್ಮ ಮೇಲೇ ಬಿದ್ದರೆ?

ಆಗ ಹೊಣೆಗಾರಿಕೆ ಒಪ್ಪಂದ ಕೈಕೊಡುತ್ತದೆ. ಉಡಾವಣಾ ರಾಷ್ಟ್ರದ ಸ್ವಂತ ಪ್ರಜೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದು 7ನೇ ವಿಧಿ ಹೇಳುತ್ತದೆ.

2024ರ ಮಾರ್ಚ್ 8ರಂದು ಫ್ಲಾರಿಡಾದ ನೇಪಲ್ಸ್ ಪಟ್ಟಣದ ಮನೆಯೊಂದರ ಛಾವಣಿ ಮತ್ತು ಒಳನೆಲ ಎರಡನ್ನೂ ಸೀಳಿಕೊಂಡು ಒಂದು ಲೋಹದ ತುಂಡು ಬಂತು. ತೂಕ ಸುಮಾರು 700 ಗ್ರಾಂ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ 2021ರಲ್ಲಿ ಹೊರಬಿಟ್ಟಿದ್ದ ಹಳೆಯ ಬ್ಯಾಟರಿಗಳ ಹೊರೆಯ ಚೂರು ಅದು ಎಂದು ನಾಸಾ ಒಪ್ಪಿಕೊಂಡಿತು. ಮನೆಯವರು 80,000 ಡಾಲರಿಗೂ ಹೆಚ್ಚು ಕೇಳಿದರು. ಅದೇ ತುಂಡು ಕ್ಯೂಬಾದ ಮನೆಯೊಂದರ ಮೇಲೆ ಬಿದ್ದಿದ್ದರೆ ‘ತಪ್ಪು ಯಾರದು’ ಎಂಬ ಮಾತೇ ಏಳುತ್ತಿರಲಿಲ್ಲ. ಸ್ವಂತ ಮನೆಯವರು ಮಾತ್ರ ದೇಶದೊಳಗಿನ ಕಾನೂನಿನಡಿ ನಿರ್ಲಕ್ಷ್ಯ ತೋರಿಸಬೇಕು.

ಭಾರತದಲ್ಲಾದರೆ ಇಂಥ ದಾವೆಗೆ ವಕೀಲರು ಮೊದಲು ಎತ್ತಿಕೊಳ್ಳುವುದು ಎಂ.ಸಿ. ಮೆಹ್ತಾ ಪ್ರಕರಣವನ್ನು. 1985ರಲ್ಲಿ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿದ ನಂತರ, ಭೋಪಾಲದ ಗಾಯ ಹಸಿಯಾಗಿರುವಾಗಲೇ, ಸುಪ್ರೀಂ ಕೋರ್ಟ್ ಒಂದು ತತ್ವ ಹಾಕಿಕೊಟ್ಟಿತು: ಸ್ವಭಾವತಃ ಅಪಾಯಕಾರಿಯಾದ ಉದ್ಯಮ ನಡೆಸಿ ಲಾಭ ಪಡೆಯುವವರು ಅದರಿಂದಾದ ಹಾನಿಗೆ ಪೂರ್ಣ ಹೊಣೆ, ಯಾವ ಸಬೂಬೂ ಇಲ್ಲ. ನೂರಾರು ಟನ್ ಇಂಧನ ಉರಿಸುವ ರಾಕೆಟ್ ಈ ಸಾಲಿಗೆ ಸೇರದಿದ್ದರೆ ಇನ್ನಾವುದು ಸೇರೀತು?

ಭಾರತದಲ್ಲಿ ಇದಕ್ಕೆಂದೇ ಕಾಯ್ದೆ ಇಲ್ಲವೇ?

ಇಲ್ಲ, ಮತ್ತು ಇದು ನನ್ನ ದೊಡ್ಡ ತಕರಾರು. ಹೊಣೆಗಾರಿಕೆ ಒಪ್ಪಂದಕ್ಕೆ ಭಾರತ ಸೇರಿದ್ದು 1979ರಲ್ಲಿ. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು ಬಂದದ್ದು 2017ರಲ್ಲಿ. ಸರ್ಕಾರದ ಮೇಲೆ ಬರುವ ಕ್ಲೇಮನ್ನು ಲೈಸೆನ್ಸ್ ಪಡೆದವರೇ ತುಂಬಿಕೊಡಬೇಕು ಎಂದು ಅದರಲ್ಲಿತ್ತು, ಗರಿಷ್ಠ ಮಿತಿ ಎಷ್ಟು ಎನ್ನುವುದು ಮಾತ್ರ ಇರಲಿಲ್ಲ. ಸಣ್ಣ ಕಂಪನಿಗಳು ಹೌಹಾರಿದವು. ಆ ಕರಡು ಕಾಯ್ದೆಯಾಗಲಿಲ್ಲ.

ಆಮೇಲೆ 2020ರಲ್ಲಿ ಖಾಸಗಿಯವರಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಬಂತು, 2023ರ ಏಪ್ರಿಲಿನಲ್ಲಿ ಬಾಹ್ಯಾಕಾಶ ನೀತಿ, 2024ರಲ್ಲಿ ಅನುಮತಿಯ ವಿವರವಾದ ಕಾರ್ಯವಿಧಾನ. ಅದೇ ವರ್ಷ ವಿದೇಶಿ ಬಂಡವಾಳಕ್ಕೂ ಬಾಗಿಲು ತೆರೆಯಿತು: ಸರ್ಕಾರವನ್ನು ಕೇಳದೆ ಉಪಗ್ರಹ ತಯಾರಿಕೆಯಲ್ಲಿ ಶೇ 74, ರಾಕೆಟ್‌ನಲ್ಲಿ ಶೇ 49. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರಿನಲ್ಲಿ, ಚೆನ್ನೈನ ಅಗ್ನಿಕುಲ್ 2024ರ ಮೇನಲ್ಲಿ ತಮ್ಮ ಮೊದಲ ರಾಕೆಟ್ಟುಗಳನ್ನು ಹಾರಿಸಿಯೂ ಆಯಿತು. ಹೊಣೆ, ವಿಮೆ ಎಲ್ಲ ಅನುಮತಿಯ ಷರತ್ತಿನಲ್ಲಿದೆ, ಸಂಸತ್ತು ಮಾಡಿದ ಕಾನೂನಿನಲ್ಲಿಲ್ಲ. ಷರತ್ತು ಸರ್ಕಾರಕ್ಕೂ ಕಂಪನಿಗೂ ನಡುವಿನ ಮಾತು. ಹೊಲದಲ್ಲಿ ನಿಂತ ರೈತ ಅದನ್ನು ಹಿಡಿದು ಕೋರ್ಟಿಗೆ ಹೋಗಿ ‘ನನಗೆ ಇಷ್ಟು ಬರಬೇಕು’ ಎನ್ನುವುದು ಸುಲಭವಲ್ಲ.

ಬೇರೆ ದೇಶಗಳಲ್ಲಿ ಕಂಪನಿಯಿಂದ ಹೇಗೆ ವಸೂಲು ಮಾಡುತ್ತಾರೆ?

ಅಮೆರಿಕದ್ದು ಮೂರು ಮೆಟ್ಟಿಲಿನ ಏರ್ಪಾಟು, 1988ರಿಂದ ಇದೆ. ಆಗಬಹುದಾದ ಗರಿಷ್ಠ ಹಾನಿಯನ್ನು ಸರ್ಕಾರ ಲೆಕ್ಕ ಹಾಕಿ ಹೇಳುತ್ತದೆ, ಅಷ್ಟಕ್ಕೆ ಕಂಪನಿ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. 50 ಕೋಟಿ ಡಾಲರ್ ಮೀರಿ ಕೇಳುವುದಿಲ್ಲ. ಅದರ ಮೇಲೆ 150 ಕೋಟಿ ಡಾಲರ್‌ವರೆಗೆ ಸರ್ಕಾರ ಹೆಗಲು ಕೊಡುತ್ತದೆ, 1988ರ ಬೆಲೆಯ ಈ ಮೊತ್ತ ಹಣದುಬ್ಬರದ ಜೊತೆ ಏರುತ್ತಾ ಬಂದಿದೆ. ಆದರೆ ಪ್ರತಿ ಸಲವೂ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಹಣ ಮಂಜೂರು ಮಾಡಬೇಕು. ಅದಕ್ಕೂ ಮೀರಿದ್ದು ಮತ್ತೆ ಕಂಪನಿಯ ತಲೆಗೆ. ಫ್ರಾನ್ಸ್ 2008ರ ಕಾಯ್ದೆಯಲ್ಲಿ ನಡೆಸುವವರನ್ನೇ ನೇರ ಹೊಣೆ ಮಾಡಿ, ಒಂದು ಮಿತಿ ದಾಟಿದರೆ ಸರ್ಕಾರದ ಖಾತರಿ ಕೊಟ್ಟಿದೆ. ಬ್ರಿಟನ್ನಿನಲ್ಲಿ ಮಾಮೂಲಿ ಲೈಸೆನ್ಸಿಗೆ 6 ಕೋಟಿ ಯೂರೊ ಮಿತಿ ಬಳಕೆಗೆ ಬಂತು. ಮಿತಿ ಇದ್ದರೆ ವಿಮೆಯವರು ಪ್ರೀಮಿಯಂ ಹೇಳುತ್ತಾರೆ. ಮಿತಿ ಇಲ್ಲ ಎಂದರೆ ಫೈಲು ಮುಚ್ಚುತ್ತಾರೆ.

ರಾಕೆಟ್ ಸಿಡಿದು ನನ್ನ ಉಪಗ್ರಹ ಹೋಯಿತು. ರಾಕೆಟ್ ಕಂಪನಿ ಕಟ್ಟಿಕೊಡುತ್ತದೆಯೇ?

ಬಹುಮಟ್ಟಿಗೆ ಇಲ್ಲ. ‘ನಿನ್ನ ನಷ್ಟ ನಿನಗೆ, ನನ್ನ ನಷ್ಟ ನನಗೆ, ಒಬ್ಬರ ಮೇಲೊಬ್ಬರು ಕೇಸು ಹಾಕುವಂತಿಲ್ಲ’ ಎಂದು ಪರಸ್ಪರ ಹಕ್ಕು ಬಿಟ್ಟುಕೊಡುವ ಕಲಮು ಉಡಾವಣಾ ಕರಾರುಗಳಲ್ಲಿ ಇರುತ್ತದೆ. 1984ರಲ್ಲಿ ವೆಸ್ಟಾರ್ 6 ಉಪಗ್ರಹ ಮೋಟರ್ ಸರಿಯಾಗಿ ಉರಿಯದೆ ತಪ್ಪು ಕಕ್ಷೆಯಲ್ಲಿ ಉಳಿಯಿತು. ಹಣ ಕಟ್ಟಿದ ವಿಮಾ ಕಂಪನಿಗಳು ತಯಾರಕರ ಮೇಲೆ ಕೋರ್ಟಿಗೆ ಹೋದವು. ಕ್ಯಾಲಿಫೋರ್ನಿಯಾದ ಕೋರ್ಟು ಕರಾರಿನ ಕಲಮನ್ನೇ ಎತ್ತಿಹಿಡಿಯಿತು.

ವಿಮೆ ಯಾವ ಕ್ಷಣದಿಂದ ಶುರು ಎನ್ನುವುದನ್ನು ಎರಡು ಸಲ ಓದಿ. 2016ರ ಸೆಪ್ಟೆಂಬರ್ 1ರಂದು ಫಾಲ್ಕನ್ 9 ಉಡಾವಣೆಗೆ ಎರಡು ದಿನ ಮುಂಚೆ, ಪರೀಕ್ಷೆಗಾಗಿ ಇಂಧನ ತುಂಬುವಾಗ, ನಿಂತಲ್ಲೇ ಸಿಡಿಯಿತು. ತಲೆಯ ಮೇಲೆ ಇಸ್ರೇಲಿನ ಅಮೋಸ್-6 ಇತ್ತು. ಉಡಾವಣಾ ವಿಮೆ ಶುರುವಾಗುವುದು ಉಡಾವಣೆಗೆಂದು ಎಂಜಿನ್ ಹೊತ್ತಿಸಿದಾಗ. ಅದು ಆಗಿರಲೇ ಇಲ್ಲ. ಆದ್ದರಿಂದ ಹಣ ಬಂದದ್ದು ಸಾಗಣೆ ಸರಕಿನ ವಿಮೆಯಿಂದ, ಉಪಗ್ರಹವೆಂದರೆ ಇನ್ನೂ ಹಡಗಿನಲ್ಲಿರುವ ಪೆಟ್ಟಿಗೆ ಎಂಬಂತೆ.

ಉಪಗ್ರಹವನ್ನು ಬೇರೆ ದೇಶದ ಕಂಪನಿಗೆ ಮಾರಿದರೆ ಹೊಣೆಯೂ ಹೋಗುತ್ತದೆಯೇ?

ಹೋಗುವುದಿಲ್ಲ. ಒಮ್ಮೆ ಉಡಾವಣಾ ರಾಷ್ಟ್ರವಾದರೆ ಕೊನೆತನಕ ಉಡಾವಣಾ ರಾಷ್ಟ್ರ. ಕೊಂಡವರ ದೇಶದ ಜೊತೆ ಬೇರೆ ಒಪ್ಪಂದ ಮಾಡಿಕೊಂಡು ಹೊರೆ ಹಂಚಿಕೊಳ್ಳಬಹುದು, ಮೂರನೆಯವರ ಮುಂದೆ ಅದು ನಡೆಯುವುದಿಲ್ಲ. ಮಾರಾಟಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಕೇಳುವುದು ಇದಕ್ಕೇ.

ಕಸ ಬಿಟ್ಟದ್ದಕ್ಕೆ ಯಾರಿಗಾದರೂ ದಂಡ ಬಿದ್ದಿದೆಯೇ?

2023ರ ಅಕ್ಟೋಬರಿನಲ್ಲಿ ಡಿಶ್ ನೆಟ್‌ವರ್ಕ್ ಕಂಪನಿಗೆ ಎಫ್‌ಸಿಸಿ 1.5 ಲಕ್ಷ ಡಾಲರ್ ದಂಡ ಹಾಕಿತು. ಎಕೋಸ್ಟಾರ್-7 ಉಪಗ್ರಹವನ್ನು ಭೂಸ್ಥಿರ ಕಕ್ಷೆಗಿಂತ 300 ಕಿ.ಮೀ. ಮೇಲಕ್ಕೆ ತಳ್ಳಿ ಬಿಡುತ್ತೇವೆ ಎಂದು ಬರೆದುಕೊಟ್ಟಿದ್ದರು, ಇಂಧನ ಸಾಲದೆ 122 ಕಿ.ಮೀ.ಗೇ ನಿಂತಿತು. ಬಾಹ್ಯಾಕಾಶ ಕಸಕ್ಕೆ ಎಫ್‌ಸಿಸಿ ಹಾಕಿದ ಮೊದಲ ದಂಡ ಇದು. ಅಷ್ಟು ದೊಡ್ಡ ಕಂಪನಿಗೆ ಅದು ಕಾಫಿ ಖರ್ಚು. ತಮಾಷೆಗೆ ಇನ್ನೊಂದು: 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಚೂರುಗಳು ಬಿದ್ದಾಗ ಆಸ್ಟ್ರೇಲಿಯಾದ ಎಸ್ಪರೆನ್ಸ್ ಊರಿನವರು ನಾಸಾಕ್ಕೆ ಕಸ ಹಾಕಿದ ತಪ್ಪಿಗೆ 400 ಡಾಲರ್ ಚೀಟಿ ಹರಿದಿದ್ದರು. 2009ರಲ್ಲಿ ಅದನ್ನು ಕಟ್ಟಿದ್ದು ಕೇಳುಗರಿಂದ ಚಂದಾ ಎತ್ತಿದ ಒಬ್ಬ ರೇಡಿಯೊ ನಿರೂಪಕ.

ಸೇವೆ ನಿಂತು ವ್ಯಾಪಾರ ಹಾಳಾದರೆ ಒಪ್ಪಂದದಡಿ ಕೇಳಬಹುದೇ?

ಕಷ್ಟ. ‘ಹಾನಿ’ ಎಂದರೆ ಸಾವು, ಗಾಯ, ಆರೋಗ್ಯ ಕೆಡುವುದು, ಆಸ್ತಿ ನಷ್ಟ ಎಂದಷ್ಟೇ ಒಪ್ಪಂದ ಹೇಳುತ್ತದೆ. ಬರಬೇಕಿದ್ದ ಲಾಭ ಬರಲಿಲ್ಲ ಎನ್ನುವುದನ್ನು ಗ್ರಾಹಕರ ಜೊತೆಗಿನ ಕರಾರಿನಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಬಾಹ್ಯಾಕಾಶ ಪ್ರವಾಸಕ್ಕೆ ಟಿಕೆಟ್ ಕೊಂಡವರಿಗೆ?

ಅಮೆರಿಕದಲ್ಲಾದರೆ ‘ಈ ವಾಹನ ಸುರಕ್ಷಿತ ಎಂದು ಸರ್ಕಾರ ಪ್ರಮಾಣೀಕರಿಸಿಲ್ಲ, ಅಪಾಯ ತಿಳಿದೇ ಹತ್ತುತ್ತಿದ್ದೇನೆ’ ಎಂದು ಸಹಿ ಹಾಕಿ ಹತ್ತಬೇಕು. ಬಸ್ ಟಿಕೆಟ್ಟಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಬಿದ್ದ ತುಂಡನ್ನು ನೆನಪಿಗೆ ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಇಲ್ಲ. ಎಲ್ಲಿ ಬಿದ್ದರೂ ಅದರ ಒಡೆತನ ಬದಲಾಗುವುದಿಲ್ಲ, ಕೇಳಿದರೆ ವಾಪಸು ಕೊಡಬೇಕು. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್ ಹೆಡ್ ಕಡಲತೀರಕ್ಕೆ ತೇಲಿಬಂದ ದೊಡ್ಡ ಉರುಳೆ ನಮ್ಮ ಪಿಎಸ್‌ಎಲ್‌ವಿಯ ಮೂರನೇ ಹಂತ ಎಂದು ತೀರ್ಮಾನವಾದಾಗ, ಅದನ್ನು ಏನು ಮಾಡಬೇಕು ಎಂದು ಆಸ್ಟ್ರೇಲಿಯಾದವರು ಇಸ್ರೊ ಜೊತೆ ಮಾತಾಡಿದ್ದು ಇದೇ ಕಾರಣಕ್ಕೆ. ಅದಕ್ಕಿಂತ ಮುಖ್ಯವಾಗಿ, ಮುಟ್ಟಬೇಡಿ. ಗುಂಡಾಗಿರುವ ಟ್ಯಾಂಕುಗಳಲ್ಲಿ ಹೈಡ್ರಜೀನ್ ಎಂಬ ಇಂಧನ ಉಳಿದಿದ್ದರೆ ಅದು ಕಡು ವಿಷ. ಮಕ್ಕಳನ್ನು, ದನಗಳನ್ನು ದೂರ ಇಡಿ, ದೂರದಿಂದ ಫೋಟೊ ತೆಗೆದು ಬಿದ್ದ ಹೊತ್ತು ಬರೆದಿಟ್ಟುಕೊಳ್ಳಿ, ಪೊಲೀಸರಿಗೆ ತಿಳಿಸಿ. ಏನಾದರೂ ನಷ್ಟವಾಗಿದ್ದರೆ ಪೊಲೀಸರು, ತಹಶೀಲ್ದಾರರು ಬಂದಾಗ ಪಂಚನಾಮೆಯಲ್ಲಿ ಒಂದೊಂದನ್ನೂ ಬರೆಸಿ, ಎಪ್ಪತ್ತು ಪೈಸೆಯ ತನಕ.